ಕೀಲುನೋವಿನ ನಾಟ್ಯ

ಎಪ್ಪತ್ತರ ದಶಕದಲ್ಲಿ, ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿದ್ದಾಗ, ನನಗೆ ಕೀಲುನೋವು ಅಂಟಿಕೊಂಡಿತು. ಊತವಿಲ್ಲ, ಜ್ವರವಿಲ್ಲ, ಕಂಡವರೆಲ್ಲ "ಚೆನ್ನಾಗಿದ್ದೀರಲ್ಲ" ಎನ್ನುವವರೇ. ಹೇಳಿ ಹೇಳಿ ಸಾಕಾಗಿ, ಕನ್ನಡಿಗರ ಯುಗಾದಿ ಕೂಟದಲ್ಲಿ ಆ ನೋವನ್ನೇ ಕುಣಿದು ತೋರಿಸಲು ಹೊರಟೆ. ಯಜಮಾನರು ತೋಡಿ ರಾಗದಲ್ಲಿ ಹಾಡಿದರು. ನಾನು ಮಹಾ ಕಲಾವಿದೆಯ ಗತ್ತಿನಲ್ಲಿ ಮಂಡಿ ಮಡಿಸಿ ನೆಲದ ತನಕ ಇಳಿದೆ. ಮೇಲೇಳಲು ಆಗಲೇ ಇಲ್ಲ. ಹಲ್ಲು ಕಚ್ಚಿ ಕೈ ಚಾಚಿದೆ. ಯಜಮಾನರು ಏನೂ ತಿಳಿಯದೆ ಅದೇ ಸಾಲನ್ನು ನಾಲ್ಕು ಸಲ ಹಾಡಿದರು. ಚಪ್ಪಾಳೆಯೋ ಚಪ್ಪಾಳೆ!

ಹಿಂದಿನ ತಿಂಗಳಷ್ಟೇ ನನ್ನನ್ನು ಪರೀಕ್ಷಿಸಿ "ಏನೂ ಇಲ್ಲ" ಎಂದಿದ್ದ, ಅಲ್ಲೇ ನೆಲೆಸಿದ್ದ ಮೈಸೂರಿನ ಡಾಕ್ಟರು ಓಡಿಬಂದರು.

"ಏನ್ ಅಭಿನಯ ರೀ! ನಿಜವಾಗ್ಲೂ ನೋವಿದ್ದ ಹಾಗೇ ಇತ್ತು."

"ಈಗ್ಲೂ ಇದೆ ಡಾಕ್ಟ್ರೇ. ಸ್ವಲ್ಪ ಕೈ ಕೊಡಿ."

ಅವರು ನಗುತ್ತಲೇ ಎಳೆದರು. ನಾನು ಅಲುಗಲಿಲ್ಲ. ಅವರ ನಗು ನಿಂತಿತು.

"ಸೋಮವಾರ ಬನ್ನಿ, ಇನ್ನೊಂದ್ಸಲ ನೋಡ್ತೀನಿ" ಎಂದರು.

ಆಮೇಲೆ ಕೂಟಕ್ಕೆ ಬಂದಿದ್ದ ಇಬ್ಬರು ವಿಜ್ಞಾನಿಗಳು ಸೇರಿ ನನ್ನನ್ನು ಕುರ್ಚಿಗೆ ಸಾಗಿಸಿದರು.