ನೆರಳಿನ ಸೀಟು

ನಮ್ಮ ಮನೆ ಓನರ್ ಅವರ ಎರಡು ಮಂಡಿಗಳೂ ಸುಲಿದ ತೆಂಗಿನಕಾಯಿಯಷ್ಟು ಊದಿದ್ದವು. ಮನೆಯಲ್ಲಿ ಸದಾ ಖಾಕಿ ಚಡ್ಡಿ ಹಾಕುತ್ತಿದ್ದರಿಂದ ಅವು ಬೇಡವೆಂದರೂ ಕಣ್ಣಿಗೆ ಬೀಳುತ್ತಿದ್ದವು. ಅವಕ್ಕೆ ಹಚ್ಚಿದ ಮುಲಾಮಿನ ವಾಸನೆ ಮೆಟ್ಟಿಲಿಳಿದು ಕೆಳಗಿನ ನಮ್ಮ ಅಡುಗೆಮನೆಯ ತನಕ ಬರುತ್ತಿತ್ತು. ಅಂಥ ಮಂಡಿಗಳ ಮೇಲೆ, ಎಂಬತ್ತು ದಾಟಿದ ಮೇಲೂ, ಆ ಮನುಷ್ಯ ಟೀವಿಯಲ್ಲಿ ಫುಟ್‌ಬಾಲ್ ಮ್ಯಾಚನ್ನು ಮೊದಲಿನಿಂದ ಕೊನೆಯವರೆಗೆ ನಿಂತೇ ನೋಡುತ್ತಿದ್ದರು. ಮುಂದೆ ಒಂದು ಕುರ್ಚಿ ಇರುತ್ತಿತ್ತು. ಕೂರಲಿಕ್ಕಲ್ಲ, ಅದರ ಬೆನ್ನು ಹಿಡಿದುಕೊಳ್ಳಲಿಕ್ಕೆ.

ನಾನು ಮೈಸೂರಿನವಳು. ಕಂಪನಿ ಕಳಿಸಿತು ಅಂತ ನೈರೋಬಿಗೆ ಬಂದು, ಲಂಗಾಟಾದಲ್ಲಿ ಅವರ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದೆ. ಓನರ್ ಅಂದರೆ ನನ್ನ ತಲೆಯಲ್ಲಿದ್ದದ್ದು ಬೆಂಗಳೂರಿನ ಓನರ್‌ಗಳು: ನೀರು ಜಾಸ್ತಿ ಬಿಡಬೇಡಿ, ಗೋಡೆಗೆ ಮೊಳೆ ಹೊಡೆಯಬೇಡಿ. ಇವರು ಮೊದಲ ದಿನವೇ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದರು. "ದೇವರ ಪಟ ಹಾಕ್ಲಿಕ್ಕೆ ಮೊಳೆ ಬೇಕಲ್ಲ ಮಾರಾಯ್ತಿ. ನನ್ನ ಹತ್ರ ಉಂಟು" ಅಂದರು. ಅವರು ಕ್ರೈಸ್ತರು, ಮಂಗಳೂರಿನ ಕಡೆಯವರು, ಹರೆಯದಲ್ಲೇ ಇಲ್ಲಿಗೆ ಬಂದವರು. ಎಂಬಕಸಿಯ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಗುಮಾಸ್ತರಾಗಿ ಸೇರಿ, ಆಮೇಲೆ ಪೇಟೆಯ ಆಫೀಸಿನಲ್ಲಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಮೊಂಬಾಸಾದಲ್ಲಿದ್ದರು. ಮಗಳ ಜೊತೆ ಫೋನಿನಲ್ಲಿ ಕೊಂಕಣಿ, ಗೇಟಿನ ಕಾವಲುಗಾರನ ಜೊತೆ ಸ್ವಾಹಿಲಿ, ನನ್ನ ಜೊತೆ ಕನ್ನಡ. ಮೂರರಲ್ಲೂ ಗಂಟಲು ಒಂದೇ ಎತ್ತರ.

ಅವರದ್ದೊಂದು ಮಾತಿತ್ತು. ನಾನು ಆಫೀಸಿನಿಂದ ಬಂದು ಮ್ಯಾನೇಜರ್ ಹೀಗಂದ, ನಾನು ಹಾಗಂದೆ, ಅವನು ಮತ್ತೆ ಹೀಗಂದ ಅಂತ ಮಹಾಭಾರತ ಶುರುಮಾಡಿದರೆ ಸಾಕು, ಕೈ ಎತ್ತಿ ನಿಲ್ಲಿಸುತ್ತಿದ್ದರು. "ಅದೆಲ್ಲ ಇರ್ಲಿ. ಸ್ಕೋರ್ ಎಷ್ಟು?" ಗೆದ್ದೆಯೋ ಸೋತೆಯೋ ಅಷ್ಟು ಹೇಳು ಅಂತ. ಎಷ್ಟು ಸಲ ನನ್ನ ಕೋಪ ಆ ಒಂದು ಪ್ರಶ್ನೆಗೆ ಟುಸ್ಸೆಂದು ಹೋಗಿದೆಯೋ ಲೆಕ್ಕವಿಲ್ಲ.

ನನ್ನ ಕೆಲಸ ವ್ಯವಸ್ಥೆ ನೋಡಿಕೊಳ್ಳುವುದು. ಮೀಟಿಂಗು, ಟ್ರೇನಿಂಗು, ಯಾರು ಎಲ್ಲಿ ಕೂರಬೇಕು, ಯಾರ ಪಕ್ಕ ಯಾರು. ಜನರನ್ನು ಕೂರಿಸುವುದು ನನಗೆ ಚಟ. ಹಾಗಾಗಿ ಮ್ಯಾಚಿನ ದಿನ ಅವರು ಕಾವಲುಗಾರನನ್ನು ಕರೆದು ಸೋಫಾದ ಮೇಲೆ ಕೂರಿಸಿ, ತಾವು ಕುರ್ಚಿ ಹಿಡಿದು ನಡುಗುತ್ತ ನಿಲ್ಲುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಂಕಲ್, ಕೂತ್ಕೊಳಿ ಅಂದ್ರೆ ಕೂತ್ಕೊಳಿ. ಡಾಕ್ಟ್ರು ಏನ್ ಹೇಳಿದಾರೆ?"

"ಕೂತ್ರೆ ನನ್ನ ಟೀಮು ಸೋಲ್ತದೆ."

"ನಿಂತಾಗ್ಲೂ ಸೋಲ್ತಾ ಇದೆಯಲ್ಲ!"

ಕಾವಲುಗಾರ ಕನ್ನಡ ಬಾರದಿದ್ದರೂ ನಗುತ್ತಿದ್ದ. ಮೂಢನಂಬಿಕೆ, ಹಟಮಾರಿ ಮುದುಕ ಅಂತ ನಾನು ಮೈಸೂರಿಗೆ ಫೋನು ಮಾಡಿದಾಗಲೆಲ್ಲ ಅಮ್ಮನಿಗೆ ಹೇಳಿ ನಗಿಸುತ್ತಿದ್ದೆ. ಈಗ ಅದನ್ನು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಕೆಳಗಿಳಿದು ಬಂದರು. "ನನ್ನನ್ನು ಎಂಬಕಸಿಗೆ ಬಿಡ್ತೀಯಾ ಮಗಾ?" ಅಂದರು. ಶೆಡ್ಡಿನಲ್ಲಿ ಜೊತೆಗಿದ್ದ ಹಳೆಯ ಫುಟ್‌ಬಾಲ್ ಅಭಿಮಾನಿಗಳು ವರ್ಷಕ್ಕೊಮ್ಮೆ ಅಲ್ಲಿ ಒಂದು ಹೋಟೆಲಿನಲ್ಲಿ ಸೇರಿ ಮಾಂಸ ಸುಡಿಸಿ ತಿನ್ನುತ್ತಾರಂತೆ. ಹಿಂದೆ ಎಲ್ಲರೂ ಒಂದು ಬಸ್ಸು ಮಾಡಿಕೊಂಡು, ಗಡಿ ದಾಟಿ, ದಾರೆಸ್ಸಲಾಮಿಗೆ ಒಂದು ದೊಡ್ಡ ಮ್ಯಾಚಿಗೆ ಹೋಗಿದ್ದರಂತೆ. ಅದರ ನೆನಪಿಗೆ. ಪ್ರತಿ ವರ್ಷ ಕರೆ ಬರುತ್ತಿತ್ತು, ಪ್ರತಿ ವರ್ಷ ಇವರು ಜ್ವರ, ನೆಂಟರು, ಚರ್ಚಿನ ಪೂಜೆ ಅಂತ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು.

"ಈ ಸಲ ಯಾಕೆ ಮನಸ್ಸು ಬಂತು?" ಅಂದೆ.

"ಒಂದು ವಿಷಯ ಹೇಳ್ಲಿಕ್ಕುಂಟು ಅವರಿಗೆ. ಇನ್ನು ಮುಂದೂಡ್ಲಿಕ್ಕೆ ಮಂಡಿ ಬಿಡುವುದಿಲ್ಲ."

ದಾರಿಯಲ್ಲಿ ಮಟಾಟು ವ್ಯಾನುಗಳು ಅಡ್ಡಡ್ಡ ನುಗ್ಗಿ ರಸ್ತೆ ಕಟ್ಟಿಹೋಗಿತ್ತು. ಕಾರು ನಿಂತಲ್ಲೇ ನಿಂತಿತು. ಆಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಲು ಶುರುಮಾಡಿದರು.

"ಆ ಬಸ್ಸಲ್ಲಿ ನಾನೊಬ್ಬನೇ ಮುಹಿಂದಿ. ಇಂಡಿಯಾದವ. ಆದ್ರೆ ಯಾರೂ ಹಾಗೆ ನೋಡ್ಲಿಲ್ಲ. ಅವರು ಕೊಟ್ಟದ್ದು ನಾನು ತಿಂದೆ, ನಾನು ಕೊಟ್ಟ ನೀರುದೋಸೆ ಅವರು ತಿಂದ್ರು. ಬಾವುಟಕ್ಕೆ ಬಟ್ಟೆ ಇಲ್ಲ ಅಂತ ನನ್ನ ಹೆಂಡತಿಯ ಬೆಡ್‌ರೂಮಿನ ಪರದೆ ಬಿಚ್ಚಿ ತಂದಿದ್ದೆ. ಗುಲಾಬಿ ಹೂವಿನದ್ದು. ಡ್ರಮ್ಮು ಬಾರಿಸುವ ಗೆಳೆಯ ಒಬ್ಬ ಇದ್ದ, ಶೆಡ್ಡಲ್ಲಿ ನನ್ನ ಪಕ್ಕದ ಮೇಜು. ಇಡೀ ದಾರಿ ನಾನು, ಅವ ಒಂದೇ ಸೀಟಲ್ಲಿ."

"ಆಮೇಲೆ?"

"ಸ್ಟೇಡಿಯಮ್ಮಿನ ಗೇಟಲ್ಲಿ ನನ್ನ ಭಾವ ಸಿಕ್ಕಿದ. ಹೆಂಡತಿಯ ಅಣ್ಣ. ದಾರೆಸ್ಸಲಾಮಲ್ಲಿ ಅವನದ್ದು ದೊಡ್ಡ ಅಂಗಡಿ. ಸೂಟು, ಟೈ. 'ನೀನು ಬಿಸಿಲಲ್ಲಿ ಅವರ ನಡುವೆ ಕೂರ್ತೀಯಾ? ನಮ್ಮ ಮರ್ಯಾದೆ ಎಂತ ಆಗ್ಬೇಕು?' ಅಂದ. ಮಾತಾಡಿಸಿ ಈಗ ಬರ್ತೇನೆ ಅಂತ ಗೆಳೆಯನಿಗೆ ಹೇಳಿ ಅವನ ಹಿಂದೆ ಹೋದೆ. ಮೇಲೆ ಮಾಡು ಇದ್ದ ಸ್ಟ್ಯಾಂಡು, ತಂಪು ನೆರಳು. ಕುಶನ್, ತಣ್ಣಗಿನ ಸೋಡ. ಸುತ್ತ ಎಲ್ಲ ಅವನ ಗಿರಾಕಿಗಳು, ಆ ಊರಿನ ಟೀಮಿನ ಕಡೆಯವರು. ಕೂತೆ. ಏಳ್ಲೇ ಇಲ್ಲ."

ಮುಂದಿನ ಕಾರು ಒಂದಡಿ ಸರಿಯಿತು, ನಾನೂ ಸರಿದೆ.

"ನಮ್ಮವರು ಗೋಲು ಹೊಡೆದ್ರು. ಆಚೆ ಬದಿಯಲ್ಲಿ ನನ್ನ ಹೆಂಡತಿಯ ಪರದೆ ಎದ್ದು ಹಾರಿತು. ಡ್ರಮ್ಮು ಕೇಳಿಸ್ತಾ ಉಂಟು. ನಾನು ಎರಡೂ ಕೈ ತೊಡೆಯ ಅಡಿಗೆ ಹಾಕಿ ಕೂತೆ. ಎಲ್ಲಿ ಚಪ್ಪಾಳೆ ಬಂದುಬಿಡ್ತದೋ, ಭಾವನ ಗಿರಾಕಿಗಳು ಎಲ್ಲಿ ನೋಡ್ತಾರೋ ಅಂತ. ಅಷ್ಟು ದೂರ ಬಸ್ಸಲ್ಲಿ ಹೋದವ ನಾನು, ಒಂದು ಚಪ್ಪಾಳೆ ತಟ್ಲಿಲ್ಲ."

ವಾತಾವರಣ ಹಗುರ ಮಾಡೋಣ ಅಂತ ಅವರದ್ದೇ ಮಾತು ತೆಗೆದೆ. "ಅದೆಲ್ಲ ಇರ್ಲಿ ಅಂಕಲ್, ಸ್ಕೋರ್ ಎಷ್ಟು?"

"ಒಂದು ಸೊನ್ನೆ. ಗೆದ್ದೆವು. ಅದೊಂದೇ ಗೋಲು."

ಮುಂದಿನ ಕಾರು ಮತ್ತೆ ಒಂದಡಿ ಸರಿಯಿತು.

"ವಾಪಸ್ ಬಸ್ಸಿಗೆ ಬಂದ್ರೆ ನನ್ನ ಸೀಟಿನ ಮೇಲೆ ಅವನ ಟೋಪಿ ಇತ್ತು. ಬೇರೆ ಯಾರೂ ಕೂರ್ಬಾರ್ದು ಅಂತ ಇಟ್ಟದ್ದು. ಟೋಪಿ ತೆಗೆದು, 'ಉಲಿಯೋನಾ?' ಅಂದ. ನೋಡಿದ್ಯಾ ಅಂತ. ನಾನು ಎಂತ ಹೇಳಿದೆ ಗೊತ್ತುಂಟಾ? 'ಅಲ್ಲಿಂದ ಚೆನ್ನಾಗಿ ಕಾಣ್ತಿತ್ತು' ಅಂತ ಹೇಳಿದೆ. ಅವ ಹೂಂ ಅಂದು ಒಂದು ಬೇಯಿಸಿದ ಮೊಟ್ಟೆ ಕೊಟ್ಟ. ಮರುದಿನ ಬೆಳಗಾಗುವವರೆಗೆ ಅದು ಕೈಯಲ್ಲೇ ಇತ್ತು."

ನೈರೋಬಿಗೆ ಬಂದವರೇ ಪೇಟೆಯ ಆಫೀಸಿಗೆ ವರ್ಗ ಕೇಳಿ ತೆಗೆದುಕೊಂಡರಂತೆ, ಆ ಗೆಳೆಯನ ಮುಖ ದಿನಾ ನೋಡಲಾರದೆ. ಅಂದಿನಿಂದ ಯಾವ ಮ್ಯಾಚಿಗೂ ಕೂತಿಲ್ಲ. "ಕೂತ್ರೆ ಕೈ ತನ್ನಷ್ಟಕ್ಕೆ ತೊಡೆಯ ಅಡಿಗೆ ಹೋಗ್ತದೆ ಮಗಾ. ಟೀಮು ಸೋಲ್ತದೆ ಅಂತ ನಿನಗೆ ಹೇಳಿದ್ದು ಸುಳ್ಳು."

ಹೋಟೆಲಿನಲ್ಲಿ ಆ ಬಸ್ಸಿನ ಹತ್ತು ಹನ್ನೆರಡು ಮುದುಕರು ಉಳಿದಿದ್ದರು. ಇವರನ್ನು ಕಂಡದ್ದೇ 'ಕರಿಬು, ಕರಿಬು' ಅಂತ ಮೇಜು ಬಡಿದು ಸ್ವಾಗತಿಸಿದರು. ಡ್ರಮ್ಮಿನ ಗೆಳೆಯ ತೆಳ್ಳಗೆ, ಉದ್ದಕ್ಕೆ, ಕಂದು ಟೋಪಿ ಹಾಕಿಕೊಂಡಿದ್ದರು. ಎದ್ದು ಬಂದು ಇವರನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ, ನನಗೋಸ್ಕರ ಇಂಗ್ಲಿಷ್ ಬೆರೆಸಿ, ನೆನಪು ಹೇಳಲು ಶುರುಮಾಡಿದರು. ಒಬ್ಬರು ಗಡಿಯಲ್ಲಿ ಬಸ್ಸು ತಪ್ಪಿಸಿಕೊಂಡು ಲಾರಿಯಲ್ಲಿ ಬಂದು ಅರ್ಧ ಮ್ಯಾಚಷ್ಟೇ ಕಂಡಿದ್ದು. ಇನ್ನೊಬ್ಬರು ಗೋಲಿನ ಗದ್ದಲದಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಊರಿಗೆ ಬಂದಿದ್ದು. ಪ್ರತಿ ವರ್ಷ ಹೇಳಿ ಹೇಳಿ ಹದವಾದ ಕಥೆಗಳು, ಎಲ್ಲಿ ನಗಬೇಕು ಅಂತ ಎಲ್ಲರಿಗೂ ಗೊತ್ತು. ನಮ್ಮ ಓನರ್ ಮೇಜು ಹಿಡಿದು ಎದ್ದು ನಿಂತರು.

"ನಾನೊಂದು ಹೇಳಬೇಕು" ಅಂದರು ಸ್ವಾಹಿಲಿಯಲ್ಲಿ. ಅಷ್ಟು ನನಗೂ ಅರ್ಥವಾಗುತ್ತದೆ.

"ನೀನು ಹೇಳಬೇಡ! ನಾನು ಹೇಳ್ತೀನಿ. ನೀನು ಹೇಳಿದ್ರೆ ಜಂಬ ಅಂತಾರೆ" ಅಂತ ಡ್ರಮ್ಮಿನವರು ಎದ್ದರು. "ನಮ್ಮ ಗೂಢಚಾರ ಕೊನೆಗೂ ಬಂದಿದ್ದಾನೆ ನೋಡ್ರಪ್ಪಾ. ಅವತ್ತು ಇವನನ್ನ ಶತ್ರುಗಳ ನಡುವೆ ಕಳಿಸಿದ್ದು ನಾನೇ. ಸೂಟುಬೂಟಿನವರ ಮಧ್ಯೆ ಕೂತ. ನಾವು ಗೋಲು ಹೊಡೆದಾಗ ಏನು ಮಾಡಿದ? ಕಣ್ಣು ಮಿಟುಕಿಸ್ಲಿಲ್ಲ! ನೀವಾಗಿದ್ರೆ ಕುಣಿದು ಸಿಕ್ಕಿಬೀಳ್ತಿದ್ರಿ!"

ಎಲ್ಲರೂ ಹೋ ಅಂದರು. ಒಬ್ಬರು ಸೆಲ್ಯೂಟ್ ಹೊಡೆದರು. ಇವರು ಬರದಿದ್ದ ವರ್ಷಗಳಲ್ಲೂ ಈ ಕಥೆ ಇಲ್ಲಿ ನಡೆದಿದೆ ಅಂತ ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. ನಮ್ಮ ಓನರ್ ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕೂತುಬಿಟ್ಟರು.

ವಾಪಸ್ ಹೊರಟೆವು. ದಾರಿಯಲ್ಲಿ ಅಂದರು: "ಅವನಿಗೆ ಗೊತ್ತುಂಟು. ಎಲ್ಲ ಗೊತ್ತುಂಟು. ನನ್ನ ಮಾನ ಉಳಿಸ್ಲಿಕ್ಕೆ ವರ್ಷ ವರ್ಷ ಆ ಸುಳ್ಳು ಹೇಳ್ತಿದ್ದಾನೆ. ನಾನಿಲ್ಲಿ ಜ್ವರ ಅಂತ ಮಲಗಿದ್ದೆ." ಆಮೇಲೆ, "ತಿರುಗಿಸ್ತೀಯಾ? ಅವನೊಬ್ಬನಿಗಾದ್ರೂ ಹೇಳಿ ಬರುವ" ಅಂದರು.

"ಮುಂದಿನ ವರ್ಷ ಹೇಳಿ ಅಂಕಲ್. ಇಲ್ಲಿ ಯೂ-ಟರ್ನ್ ಇಲ್ಲ" ಅಂದೆ.

ಯೂ-ಟರ್ನ್ ಇತ್ತು. ಸ್ವಲ್ಪ ಮುಂದೆಯೇ ಇತ್ತು. ನನಗೆ ಮನೆಗೆ ಹೋಗಿ ದೋಸೆಹಿಟ್ಟು ರುಬ್ಬಬೇಕಿತ್ತು, ಅಷ್ಟೇ.

ಮುಂದಿನ ವರ್ಷ ಬರಲಿಲ್ಲ. ಮಳೆಗಾಲಕ್ಕೂ ಮೊದಲೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೊಂಬಾಸಾದಿಂದ ಮಗಳು ಅಳುತ್ತ ಬಂದು, "ನೀವೇ ಎಲ್ಲ ನೋಡ್ಕೊಳ್ಳಿ ಅಕ್ಕಾ, ನನಗೆ ಕೈಕಾಲು ಆಡ್ತಿಲ್ಲ" ಅಂದರು. ನೋಡಿಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ ತಾನೆ? ಓನರ್ ಅವರ ಫೋನಿನಿಂದಲೇ ಎಲ್ಲರಿಗೂ ಸುದ್ದಿ ಮುಟ್ಟಿಸಿದೆ. ಡ್ರಮ್ಮಿನವರಿಗೂ ನಾನೇ ಹೇಳಿದೆ. "ಪೋಲೆ ಸಾನಾ" ಅಂದರು, ತುಂಬಾ ದುಃಖದ ಸುದ್ದಿ ಅಂತ. ಲಂಗಾಟಾ ಸ್ಮಶಾನದಲ್ಲಿ ಬಿಳಿ ಟೆಂಟು ಹಾಕಿಸಿದೆ. ಕುರ್ಚಿಗೆ ಹೇಳಿದೆ. ಮಗಳ ಕಡೆಯವರು ಇಷ್ಟು, ಚರ್ಚಿನವರು ಇಷ್ಟು, ನಮ್ಮ ಕನ್ನಡದವರು ಇಷ್ಟು. ದಾರೆಸ್ಸಲಾಮಿನಿಂದ ಆ ಭಾವನ ಮಕ್ಕಳು ವಿಮಾನದಲ್ಲಿ ಬರುತ್ತಾರೆ ಅಂತ ಅವರಿಗೆ ಮೊದಲ ಸಾಲು.

ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು. ನಾನು ಸೀರೆ ಸರಿಮಾಡಿಕೊಂಡು, ಎಲ್ಲರೂ ಕೂತರಲ್ಲ ಅಂತ ಸಮಾಧಾನದಿಂದ ಒಮ್ಮೆ ಸುತ್ತ ನೋಡಿದೆ. ಟೆಂಟಿನ ಆಚೆ, ಸುಡುವ ಬಿಸಿಲಿನಲ್ಲಿ, ಎಂಬಕಸಿಯ ಮುದುಕರು ಸಾಲಾಗಿ ನಿಂತಿದ್ದರು. ಮಟಾಟುವಿನಲ್ಲಿ ಬಂದಿದ್ದಿರಬೇಕು, ಕೆಂಪು ಧೂಳು ಬೂಟುಗಳ ಮೇಲಿತ್ತು. ಅವರಿಗೆಂದು ನಾನು ಒಂದು ಕುರ್ಚಿಯನ್ನೂ ಹೇಳಿರಲಿಲ್ಲ. ಬೇಕೆಂದು ಬಿಟ್ಟಿದ್ದಲ್ಲ. ಬರುವವರು ಯಾರ್‍ಯಾರು ಅಂತ ಕೂತು ಯೋಚಿಸುವಾಗ ಅವರು ನನ್ನ ತಲೆಗೇ ಬಂದಿರಲಿಲ್ಲ. ಕರೆದವಳೂ ನಾನೇ. ಆ ಕಾರಿನಲ್ಲಿ ಅವರ ಬಾಯಿಂದಲೇ ಇಡೀ ಕಥೆ ಕೇಳಿಸಿಕೊಂಡವಳೂ ನಾನೇ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ, ಅಷ್ಟು ನಾಚಿಕೆಯಾಯಿತು.

ಖಾಲಿ ಕುರ್ಚಿ ಯಾವುದೂ ಇರಲಿಲ್ಲ. ನಾನು ಕೂತಿದ್ದದ್ದನ್ನೇ ಎತ್ತಿಕೊಂಡು, ನಡುವೆ ಕೂತವರ ಕಾಲು ತುಳಿಯುತ್ತ ಹೊರಗೆ ಹೋದೆ. ಡ್ರಮ್ಮಿನವರ ಮುಂದೆ ಇಟ್ಟು, "ಕ್ಷಮಿಸಿ ಮ್ಝೀ, ಹಿರಿಯರು ನೀವು, ದಯವಿಟ್ಟು ಕೂತ್ಕೊಳಿ" ಅಂತ ನನ್ನ ಹರಕು ಸ್ವಾಹಿಲಿಯಲ್ಲಿ ಹೇಳಿದೆ.

"ಪರವಾಗಿಲ್ಲ ಮಗಳೇ" ಅಂದರು. "ಇಲ್ಲಿಂದ ಚೆನ್ನಾಗಿ ಕಾಣುತ್ತೆ."

ಅವರ ದನಿಯಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅವರು ತಲೆಯ ಮೇಲಿನ ಕಂದು ಟೋಪಿ ತೆಗೆದರು. ಬಾಗಿ, ಅದನ್ನು ನಾನು ತಂದ ಕುರ್ಚಿಯ ಮೇಲೆ ಇಟ್ಟರು. ಪೆಟ್ಟಿಗೆ ಕೆಳಗಿಳಿಯಿತು, ಮಣ್ಣು ಬಿತ್ತು. ಆ ಮುದುಕರಲ್ಲಿ ಒಬ್ಬರೂ ಅದರಲ್ಲಿ ಕೂರಲಿಲ್ಲ. ಎಲ್ಲ ಮುಗಿಯುವವರೆಗೆ ನಾನು ಅವರ ಜೊತೆ ಬಿಸಿಲಿನಲ್ಲಿ, ತಲೆ ತಗ್ಗಿಸಿ, ಆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದೆ.