ದೂರೇ ಇಲ್ಲದ ಬೀದಿ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದ ಬೇಸಿಗೆ ಅದು. ಮೈಸೂರಿನ ಒಂದು ಕಚೇರಿಯಲ್ಲಿ ನಾನು ಸಾಂಖ್ಯಿಕ ಅಧಿಕಾರಿಯಾಗಿದ್ದೆ. ಸಾರ್ವಜನಿಕರಿಗೆ ಸಿಗುವ ದತ್ತಾಂಶವನ್ನಷ್ಟೇ ಇಟ್ಟುಕೊಂಡು ನಗರದ ಅತ್ಯುತ್ತಮ ಬಡಾವಣೆ ಯಾವುದೆಂದು ಹೇಳಬೇಕು ಎಂಬ ಆದೇಶ ಬಂತು. ದತ್ತಾಂಶ ಎಂದರೆ ಹೆದರಬೇಕಾದ್ದೇನಿಲ್ಲ. ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ, ಆಸ್ಪತ್ರೆ ಎಷ್ಟು ದೂರ, ಸಹಾಯವಾಣಿಗೆ ನೀರು, ಕಸ, ಬೀದಿದೀಪದ ಬಗ್ಗೆ ಎಷ್ಟು ದೂರು ಬಂದಿವೆ, ಇಂಥವು. ಪ್ರತಿಯೊಂದಕ್ಕೂ ಅಂಕ ಹಾಕಿ ಕೂಡಿದರೆ ಪಟ್ಟಿ ಸಿದ್ಧ. ಮೊದಲು ಬಂದ ಬಡಾವಣೆಗೆ ಒಂದು ಫಲಕ ಎಂದೂ ತೀರ್ಮಾನವಾಗಿತ್ತು.

ಒಟ್ಟು ಅಂಕದಲ್ಲಿ ಅರ್ಧವನ್ನು ದೂರುಗಳಿಗೆ ಮೀಸಲಿಟ್ಟವಳು ನಾನೇ. ದೂರು ಕಡಿಮೆಯಿದ್ದರೆ ಜನ ಸುಖವಾಗಿದ್ದಾರೆ ಎಂದರ್ಥ ತಾನೇ? ಪಟ್ಟಿ ಕೂಡಿ ನೋಡಿದರೆ ಮೊದಲು ಬರುತ್ತದೆಂದು ಎಲ್ಲರೂ ಎಣಿಸಿದ್ದ ಕುವೆಂಪುನಗರ ಎಲ್ಲೋ ಕೆಳಗೆ ಬಿದ್ದಿತ್ತು. ನಜರ್‌ಬಾದ್ ಎರಡನೆಯದು. ಮೊದಲನೆಯದು ಉದಯಗಿರಿಯ ಒಂದು ಭಾಗ. ಅಲ್ಲಿಂದ ನೀರಿನ ಬಗ್ಗೆ ಇಡೀ ವರ್ಷ ಒಂದೇ ಒಂದು ದೂರೂ ಬಂದಿರಲಿಲ್ಲ.

ನನಗಾದ ಖುಷಿ ಅಷ್ಟಿಷ್ಟಲ್ಲ. ಮೆಕ್ಯಾನಿಕ್‌ಗಳು, ಕೂಲಿಯವರು, ಸಣ್ಣ ಅಂಗಡಿಯವರು ಇರುವ ಜಾಗವೆಂದು ಮೂಗು ಮುರಿಯುವವರಿಗೆ ಅಂಕಿಗಳೇ ಉತ್ತರ ಕೊಟ್ಟವು ಎಂದು ಬೀಗಿದೆ. ನಾನಿರುವುದು ಕುವೆಂಪುನಗರದಲ್ಲಿ. ಅಲ್ಲಿನ ದೂರುಗಳಲ್ಲಿ ಏಳು ನಮ್ಮ ಯಜಮಾನರದ್ದೇ. ನೀರು ಹತ್ತು ನಿಮಿಷ ತಡವಾದರೆ ಅವರ ಕೈ ಫೋನಿನ ಕಡೆ ಹೋಗುತ್ತದೆ.

ಖುಷಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದೆ. ವರದಿಯ ಕೊನೆಯ ಪುಟದಲ್ಲಿ, ಉದಯಗಿರಿಯ ಆ ಭಾಗದಲ್ಲಿ ನೀರಿನ ಸಮಸ್ಯೆಯೇ ಇಲ್ಲದ್ದರಿಂದ ಅಲ್ಲಿನ ಹಳೆಯ ವಾಲ್ವ್‌ಮನ್ ಅನ್ನು ದೂರು ಹೆಚ್ಚಿರುವ ಕಡೆಗೆ ಕಳಿಸಬಹುದು ಎಂದು ಬರೆದೆ. ವಾಲ್ವ್‌ಮನ್ ಎಂದರೆ ಬೀದಿ ಬೀದಿಗೆ ನೀರು ತಿರುಗಿಸಿ ಬಿಡುವವರು. ನಮ್ಮ ಕಚೇರಿಗಳಲ್ಲಿ ಬೇಕಾದ ಕೆಲಸ ವರ್ಷಗಟ್ಟಲೆ ಆಗುವುದಿಲ್ಲ, ಬೇಡದ್ದು ಮೂರೇ ದಿನದಲ್ಲಿ ಆಗುತ್ತದೆ. ವರ್ಗಾವಣೆ ಆಗಿಹೋಯಿತು.

ಎರಡು ವಾರದ ಮೇಲೆ, ಫಲಕ ನೆಡುವ ಜಾಗ ನೋಡಿ ಫೋಟೋ ತೆಗೆಯಲು ನಾನೇ ಉದಯಗಿರಿಗೆ ಹೋದೆ. ಆ ಬೀದಿ ಸ್ವಲ್ಪ ಏರಿನಲ್ಲಿದೆ. ಮೊಬೈಲ್ ಎತ್ತಿ ಹಿಡಿದರೆ ಚೌಕಟ್ಟಿನ ತುಂಬ ಖಾಲಿ ಕೊಡಗಳು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದ ಒಬ್ಬ ಹೆಂಗಸು ನನ್ನನ್ನು ತಡೆದರು. ಹೆಸರು ಜರೀನಾ.

"ಫೋಟೋ ಆಮೇಲೆ ತಗೊಳ್ಳಿ ಮೇಡಂ. ನಲ್ಲೀಲಿ ನೀರು ಬಂದು ನಾಕು ದಿನ ಆಯ್ತು. ಮನೇಲಿ ಸೊಸೆ ಬಾಣಂತಿ. ಮಗೂಗೆ ಒಂಬತ್ತು ದಿನ."

"ಸಹಾಯವಾಣಿಗೆ ಫೋನ್ ಮಾಡ್ಬಾರ್ದಿತ್ತೇನಮ್ಮ?"

"ನಮಗೆ ನೀರು ಬಿಡೋ ನಂಜಣ್ಣಂಗೆ ಮಾಡೇ ಅಭ್ಯಾಸ. ಅವ್ರನ್ನೇ ಎತ್ತಾಕ್ಬುಟ್ರಲ್ಲ, ಇನ್ಯಾರಿಗೆ ಮಾಡೋದು ಹೇಳಿ?"

ಬಾಗಿಲ ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು. ಎತ್ತಿ ಹಾಕಿದವಳು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಾಚಿಕೆಯಾಯಿತು. ತಕ್ಷಣ ಟ್ಯಾಂಕರ್ ಕಳಿಸಲು ಫೋನ್ ಮಾಡಿ, ಅದು ಬರುವವರೆಗೆ ಅಲ್ಲೇ ಜಗಲಿಯ ಮೇಲೆ ಕೂತಿದ್ದೆ.

ಮರುದಿನ ಬೆಳಿಗ್ಗೆ ನಂಜಣ್ಣನವರನ್ನು ಹುಡುಕಿದರೆ ದೀಪದ ಬುಡದಲ್ಲೇ ಕತ್ತಲೆ. ಅವರು ನಮ್ಮ ಬೀದಿಯ ಮೂಲೆಯಲ್ಲೇ ವಾಲ್ವ್ ತಿರುಗಿಸುತ್ತ ಕೂತಿದ್ದರು.

"ಇಲ್ಲಿ ನಂದೇನೂ ಕೆಲ್ಸ ಇಲ್ಲ ಮೇಡಂ. ತಿರುಗಿಸಿದ್ರೆ ಬತ್ತದೆ. ಅಲ್ಲಿ ಅಂಗಲ್ಲ. ತಗ್ಗಿನ ಬೀದೀದು ಅರ್ಧ ಗಂಟೆ ಮುಚ್ಚಿದ್ರೆನೇ ಏರಿನ ಬೀದಿಗೆ ನೀರು ಹತ್ತೋದು. ನನ್ ಜಾಗಕ್ಕೆ ಬಂದ ಹೊಸಬ್ರಿಗೆ ಹೇಳಿದ್ದೆ. ಅವ್ರು, ವೇಳಾಪಟ್ಟೀಲಿ ಅಂಗಿಲ್ಲ ಅಂದ್ರು."

ಅವರ ಫೋನ್ ಇಸಿದುಕೊಂಡು ಅದರಲ್ಲಿದ್ದ ಹೆಸರುಗಳನ್ನು ನೋಡಿದೆ. ನೀರು ಜರೀನಾ, ನೀರು ಗ್ಯಾರೇಜು, ನೀರು ಇಸ್ತ್ರಿ, ನೀರು ಬೇಕರಿ. ಬೀದಿಗೆ ಬೀದಿಯೇ ಅದರೊಳಗಿತ್ತು. ಒಂದು ತಿಂಗಳ ಕರೆಗಳನ್ನು ಕೂತು ಎಣಿಸಿದೆ. ಅದೇ ತಿಂಗಳು ಇಡೀ ಕುವೆಂಪುನಗರದಿಂದ ಸಹಾಯವಾಣಿಗೆ ಬಂದ ನೀರಿನ ದೂರುಗಳಿಗಿಂತ ಅವು ಹೆಚ್ಚಿದ್ದವು. ನನ್ನ ಕಡತದಲ್ಲಿ ಅವೆಲ್ಲ ಸೊನ್ನೆ. ಅತ್ತವರಿಗೇ ಹಾಲು ಎನ್ನುತ್ತಾರೆ. ನಾನು ಅತ್ತವರ ಲೆಕ್ಕವನ್ನಷ್ಟೇ ಇಟ್ಟುಕೊಂಡು, ಅಳದವರ ಬಟ್ಟಲನ್ನೂ ಕಿತ್ತುಕೊಂಡಿದ್ದೆ.

ಮೇಲಧಿಕಾರಿಗಳಿಗೆ ಎರಡು ಪುಟದ ಟಿಪ್ಪಣಿ ಬರೆದೆ. ವರದಿ ತಪ್ಪು, ತಪ್ಪು ನನ್ನದು, ನಂಜಣ್ಣನವರನ್ನು ವಾಪಸ್ ಕಳಿಸಬೇಕು, ಅವರ ಮುಚ್ಚಿ ತೆರೆಯುವ ಕ್ರಮವನ್ನು ವೇಳಾಪಟ್ಟಿಗೆ ಸೇರಿಸಬೇಕು. ಮೇಲಧಿಕಾರಿಗಳು ಓದಿ ಕನ್ನಡಕ ತೆಗೆದರು.

"ಫಲಕ ಬರೆಸೋಕೆ ಕೊಟ್ಟಾಗಿದೆ ಕಣಮ್ಮ. ಈಗ ತಪ್ಪು ಅಂದ್ರೆ ನಮ್ಮ ಮರ್ಯಾದೆ?"

"ನೆಟ್ಟ ಮೇಲೆ ಅದರ ಕೆಳಗೇ ಖಾಲಿ ಕೊಡ ಸಾಲು ನಿಂತ್ರೆ ಇನ್ನೂ ಹೋಗುತ್ತೆ ಸರ್," ಎಂದೆ. ನನ್ನ ಸಿಟ್ಟು ನನ್ನ ಮೇಲೇ ಇತ್ತು, ದನಿ ಮಾತ್ರ ಅವರ ಮೇಲೆ ಏರಿತು. ಅವರು ಒಳ್ಳೆಯವರು. ಕನ್ನಡಕ ಮತ್ತೆ ಏರಿಸಿ ಸಹಿ ಹಾಕಿದರು.

ಪಟ್ಟಿ ಹೊರಗೆ ಬರಲೇ ಇಲ್ಲ. ಸೋಮವಾರ ನಂಜಣ್ಣ ಉದಯಗಿರಿಗೆ ಮರಳಿದರು. ಆ ವಾರವೇ ಹೋಗಿ ನೋಡಿದೆ. ಜರೀನಾ ಅವರ ಮನೆಯ ಮುಂದೆ ಮಗುವಿನ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಈ ಸಲ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಟೀ ಕೊಟ್ಟರು. ಹೊರಡುವಾಗ, ಇನ್ನು ಮುಂದೆ ನೀರು ಬಾರದಿದ್ದರೆ ಸಹಾಯವಾಣಿಗೂ ಒಂದು ದೂರು ಕೊಡಿ, ಇಲ್ಲವಾದರೆ ನಮಗೆ ತಿಳಿಯುವುದಿಲ್ಲ ಎಂದೆ.

ಜರೀನಾ ಖಾಲಿ ಲೋಟ ಎತ್ತಿಕೊಂಡರು. "ಕೊಡಬೌದು ಮೇಡಂ. ಆದ್ರೆ ನಾವು ದೂರು ಕೊಟ್ರೆ ನಂಜಣ್ಣಂಗೆ ಮೇಲಿನೋರು ಬೈತಾರಲ್ವಾ? ಅದಕ್ಕೇ ಇಷ್ಟ್ ವರ್ಷ ಈ ಬೀದೀಲಿ ಯಾರೂ ಕೊಟ್ಟಿಲ್ಲ."

ಮೂವತ್ತು ವರ್ಷ ಅಂಕಿಗಳ ಜೊತೆ ಬಾಳಿದವಳಿಗೆ ಆ ಕೆಲಸ ಕಲಿಸಿದ್ದು ಇಷ್ಟು: ಕಾಲಂನಲ್ಲಿ ಸೊನ್ನೆ ಕಂಡರೆ ಕೂಡಿ ಮುಂದೆ ಹೋಗಬೇಡಿ, ಎದ್ದು ಹೋಗಿ ಆ ಬೀದಿಯಲ್ಲಿ ಒಮ್ಮೆ ನಿಂತು ಬನ್ನಿ. ಅಂದಹಾಗೆ, ಅತ್ಯುತ್ತಮ ಬಡಾವಣೆ ಯಾವುದೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನಾನು ಉದಯಗಿರಿಯ ಆ ಬೀದಿಯನ್ನೇ ಹೇಳುತ್ತೇನೆ. ಲೆಕ್ಕ ತಪ್ಪಿತ್ತು, ಉತ್ತರ ಸರಿಯಾಗಿಯೇ ಇತ್ತು.