ಕಪಾಟಿನ ಕನ್ನಡಿ

ಮೊದಲ ನೋವು ಯಾವತ್ತು ಬಂತು ಎಂಬುದರಲ್ಲಿ ನನ್ನ ನೆನಪು ತಪ್ಪಿರಬಹುದು. ತಮ್ಮ ಈರಣ್ಣ ಪುಣೆಯ ಮಿಲಿಟರಿ ಆಸ್ಪತ್ರೆಯಿಂದ ಸಿರಸಂಗಿಯ ಮನೆಗೆ ಬಂದ ಸಂಜೆಯೇ ಎಂದು ನನಗೆ ನೆನಪು. ಮರುದಿನ ಎನ್ನುತ್ತಾಳೆ ಅವ್ವ. ಗಡಿಯಲ್ಲಿ ನೆಲಬಾಂಬು ಸಿಡಿದು ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅವನಾಡಿದ ಮಾತು ಮಾತ್ರ ನಾನು ತಪ್ಪಿ ಕೇಳಿದ್ದಲ್ಲ.

“ಅಕ್ಕಾ, ಎಡಗಾಲಿನ ಬೆರಳು ಮುರಟಿಕೊಂಡಾವ. ಬಿಡಸು.”

ಹಾಸಿಗೆಯಲ್ಲಿ ಆ ಜಾಗ ಖಾಲಿಯಿತ್ತು.

ಗುಳಿಗೆ ಕೊಟ್ಟೆವು. ನಿದ್ದೆ ಬಂತು. ನಿದ್ದೆಯಲ್ಲೂ ನರಳಿದ. ಧಾರವಾಡದಲ್ಲಿ ಎಂ.ಎ. ಓದಿ ಬಂದವಳು ನಾನು. ಇಲ್ಲದ ಪಾದವೊಂದು ನೋಯುತ್ತದೆ ಎಂಬುದನ್ನು ನಂಬಬೇಕೋ, ನಂಬಿದಂತೆ ಇರಬೇಕೋ ತಿಳಿಯದೆ ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತೆ.

ಬೈಲಹೊಂಗಲದ ಡಾಕ್ಟರು ನಂಬಿದರು.

“ಇದಕ್ಕ ಫ್ಯಾಂಟಮ್ ಪೇನ್ ಅಂತಾರ್ರಿ. ಕಾಲು ಹೋದದ್ದು ಮಿದುಳಿಗೆ ಇನ್ನೂ ಗೊತ್ತಾಗಿಲ್ಲ. ಎರಡೂ ಕಾಲಿನ ನಡುವ ಒಂದು ಉದ್ದನ್ನ ಕನ್ನಡಿ ನಿಲ್ಲಸ್ರಿ. ಬಲಗಾಲಿನ ಬೆರಳು ಮಡಚಿ ಬಿಡಸಕೋತ ಕನ್ನಡ್ಯಾಗ ನೋಡಲಿ. ಎಡಗಾಲ ಕಂಡಂಗ ಆಗತೈತಿ. ಗುಳಿಗಿನೂ ಬಿಡಬ್ಯಾಡ್ರಿ.”

ಮನೆಯಲ್ಲಿ ಕಣ್ಣಿಗೆ ಬೀಳುವಂತೆ ಒಂದೂ ಕನ್ನಡಿ ಇರಲಿಲ್ಲ.

ಮಗ ತನ್ನನ್ನು ತಾನು ಹಾಗೆ ನೋಡಿಕೊಳ್ಳಬಾರದೆಂದು, ಅವನು ಬರುವ ಮೊದಲೇ ಅವ್ವ ಎಲ್ಲವನ್ನೂ ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದಳು. ಕಪಾಟಿನ ಬಾಗಿಲಿನ ಉದ್ದ ಕನ್ನಡಿಯ ಮೇಲೆ ಹಳೆಯ ಇಳಕಲ್ ಸೀರೆ ಕಟ್ಟಿದ್ದಳು. “ಇನ್ನ ಮ್ಯಾಲೆ ಗಡ್ಡಾ ನೀನ ಹೆರೀತಿಯೇನ ಬೇ?” ಎಂದು ಈರಣ್ಣ ಚೇಷ್ಟೆ ಮಾಡಿದ್ದ. ಅವಳು ನಿಜವಾಗಿಯೂ ಹೆರೆಯಲು ಕುಳಿತಳು. ಗಲ್ಲ ಕೊಯ್ದಿತು. ಆ ದಿನ ಮೂವರೂ ನಕ್ಕಿದ್ದೆವು.

ಡಾಕ್ಟರ ಮಾತಿಗೆ ಅವ್ವ ಸಿಡುಕಿದಳು. “ಮರೀಲಿ ಅಂತ ನಾ ಮುಚ್ಚಿಟ್ರ, ನೀವು ತೋರಸಾಕ ಹೊಂಟೀರಿ!”

ಮತ್ತೆ ನೋವು ಬಂದಾಗ ಈರಣ್ಣ ದಿಂಬನ್ನು ಹಲ್ಲಿನಿಂದ ಹರಿದ. ಅವ್ವ ಎದ್ದು ಹೋಗಿ ಕಪಾಟಿನ ಕನ್ನಡಿಗೆ ಕಟ್ಟಿದ್ದ ಸೀರೆ ಬಿಚ್ಚಿದಳು, ಅದನ್ನು ಕಳಚಲು ಸ್ಕ್ರೂಡ್ರೈವರ್ ತಂದು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ದಿನಾ ಮುಂಜಾನೆ ಅವಳೇ ಕನ್ನಡಿ ಹಿಡಿಯುತ್ತಾಳೆ. ಅವನಿಗೆ ಎರಡು ಪಾದ ಕಾಣುತ್ತವೆ. ಕನ್ನಡಿಯ ಹಿಂಬದಿಗೆ ಕುಳಿತ ಅವಳಿಗೆ ಕಾಣುವುದು ಕತ್ತರಿಸಿದ ಕಾಲು.

“ಬಿಟ್ಟೇತೇನೋ?”

“ಬಿಟ್ಟೇತಿ ಬೇ. ಇಳಸು.”

ಈಗ ಗುಳಿಗೆ ಕಡಿಮೆಯಾಗಿದೆ. ಮೋಡ ಕವಿದ ದಿನ ನೋವು ತಿರುಗಿ ಬರುತ್ತದೆ, ಆದರೂ ಊಟ ಸೇರುತ್ತಿದೆ. ಇಷ್ಟಾದರೂ ಆಯಿತಲ್ಲ ಎಂದುಕೊಳ್ಳುತ್ತೇನೆ.

ಆದರೆ ನಿನ್ನೆ ಅವನ ಪಕ್ಕದಲ್ಲೇ ನಿಂತು ನೋಡಿದೆ. ಅವ್ವನ ಮೊಣಕೈ ನಡುಗತೊಡಗಿದ ಕೂಡಲೇ ಅವನು “ಬಿಟ್ಟೇತಿ” ಎಂದ. ಕನ್ನಡಿಯೊಳಗಿನ ಬೆರಳುಗಳು ಆಗಲೂ ಮುರಟಿಕೊಂಡೇ ಇದ್ದವು. ನಾನು ಕಂಡದ್ದು ಸರಿಯೋ ತಪ್ಪೋ. ಅವ್ವ ಹಿತ್ತಲಿಗೆ ಹೋದ ಮೇಲೆ ಕೇಳಿದೆ. ಅವನು ಕಿಟಕಿಯ ಕಡೆ ಹೊರಳಿದ. ಇವತ್ತು ಮತ್ತೆ ಅದನ್ನೇ ಕೇಳಿದೆ.

“ತಮ್ಮಾ, ಖರೇನ ನೋವು ಬಿಡತೈತೋ, ಅವ್ವನ ಕೈ ಸೋಲತಾವಂತ ಹಂಗ ಅಂತಿಯೋ?”